ಆರ್. ಧ್ರುವನಾರಾಯಣ

ಆರ್. ಧ್ರುವನಾರಾಯಣ (೩೧ ಜುಲೈ ೧೯೬೧ – ೧೧ ಮಾರ್ಚ್ ೨೦೨೩) ಕರ್ನಾಟಕದ ರಾಜಕಾರಣಿ ಹಾಗೂ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಪಕ್ಷದ ನಾಯಕರು. ಎರಡು ಬಾರಿ ಶಾಸಕರಾಗಿ, ಎರಡು ಬಾರಿ ಚಾಮರಾಜನಗರ ಕ್ಷೇತ್ರದ ಲೋಕಸಭಾ ಸದಸ್ಯರಾಗಿ ಆಯ್ಕೆಯಾಗಿದ್ದರು. ೨೦೦೪ರ ವಿಧಾನಸಭಾ ಚುನಾವಣೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಗೆದ್ದು ದೇಶದ ಗಮನ ಸೆಳೆದರು.

ಆರಂಭಿಕ ಜೀವನ

ಧ್ರುವನಾರಾಯಣ ಅವರು ಆಗಿನ ಮೈಸೂರು ಜಿಲ್ಲೆಗೆ ಸೇರಿದ್ದ, ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಹೆಗ್ಗವಾಡಿ ಗ್ರಾಮದವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಒಂದು ಮತದ ಗೆಲುವು

೨೦೦೪ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸಂತೇಮರಹಳ್ಳಿ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸ್ಪರ್ಧಿಸಿದರು. ಅವರ ಎದುರಾಳಿ ಜನತಾದಳದ (ಜಾತ್ಯತೀತ) ಎ. ಆರ್. ಕೃಷ್ಣಮೂರ್ತಿ. ಇವರು ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಪುತ್ರ. ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ ೪೦,೭೫೨, ಕೃಷ್ಣಮೂರ್ತಿಯವರಿಗೆ ೪೦,೭೫೧ ಮತಗಳು ದೊರೆತಿದ್ದವು.

೧೯೫೧ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಇಬ್ಬರು ಅಭ್ಯರ್ಥಿಗಳ ಮತಗಳು ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಲಾಗುತ್ತದೆ. ಚೀಟಿಯಲ್ಲಿ ಹೆಸರು ಬಂದವರಿಗೆ ಒಂದು ಮತ ಹೆಚ್ಚುವರಿಯಾಗಿ ಸಿಕ್ಕಿತೆಂದು ಪರಿಗಣಿಸಲಾಗುತ್ತದೆ. ಸಂತೇಮರಹಳ್ಳಿಯಲ್ಲಿ ಗೆದ್ದವರ ಪರವಾಗಿದ್ದ ಒಬ್ಬ ಮತದಾರ ಮನೆಯಲ್ಲೇ ಉಳಿದಿದ್ದರೂ ಫಲಿತಾಂಶ ಚೀಟಿಯ ಪಾಲಾಗುತ್ತಿತ್ತು. ಅದೇ ಮತದಾರ ಎದುರಾಳಿಗೆ ಮತ ನೀಡಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು. ೨೦೦೮ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ. ಪಿ. ಜೋಶಿ ಅವರೂ ಒಂದೇ ಮತದಿಂದ ಸೋತರು. ಮತದಾನ ಜಾಗೃತಿಯ ಸಂದರ್ಭದಲ್ಲಿ ಈ ಎರಡೂ ಫಲಿತಾಂಶಗಳನ್ನು ಉದಾಹರಿಸುವುದುಂಟು.

ಲೋಕಸಭೆ

ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರ ರದ್ದಾಯಿತು. ೨೦೦೮ರಲ್ಲಿ ಅವರು ಕೊಳ್ಳೇಗಾಲದಿಂದ ಶಾಸಕರಾದರು. ಮರುವರ್ಷ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ, ಆ ವೇಳೆಗೆ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿದ್ದ ಕೃಷ್ಣಮೂರ್ತಿಯವರನ್ನೇ ಸುಮಾರು ನಾಲ್ಕು ಸಾವಿರ ಮತಗಳಿಂದ ಸೋಲಿಸಿದರು. ತೆರಕಣಾಂಬಿಯನ್ನು ಒಳಗೊಂಡ ಗುಂಡ್ಲುಪೇಟೆಯೂ ಸೇರಿದಂತೆ ಎಂಟು ವಿಧಾನಸಭಾ ಕ್ಷೇತ್ರಗಳು ಈ ಲೋಕಸಭಾ ಕ್ಷೇತ್ರದ ವ್ಯಾಪ್ತಿಗೆ ಬರುತ್ತವೆ. ೨೦೧೪ರಲ್ಲಿ ಅದೇ ಎದುರಾಳಿಯ ವಿರುದ್ಧ ಅವರ ಗೆಲುವಿನ ಅಂತರ ೧.೪೧ ಲಕ್ಷಕ್ಕೇರಿತು. ಆದರೆ ೨೦೧೯ರಲ್ಲಿ ಭಾರತೀಯ ಜನತಾ ಪಕ್ಷದ ವಿ. ಶ್ರೀನಿವಾಸ ಪ್ರಸಾದ್ ಅವರೆದುರು ೧,೮೧೭ ಮತಗಳಿಂದ ಪರಾಭವಗೊಂಡರು. ಒಂದು ಮತದಿಂದ ವಿಧಾನಸಭೆ ಪ್ರವೇಶಿಸಿದವರು, ಐದೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದೂ ಲೋಕಸಭೆಯಿಂದ ಹೊರಗುಳಿಯಬೇಕಾಯಿತು.

ನಿಧನ

ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಕಾರ್ಯಾಧ್ಯಕ್ಷರಾಗಿದ್ದ ಅವರು ೨೦೨೩ರ ಮಾರ್ಚ್ ೧೧ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ವಿಧಾನಸಭಾ ಚುನಾವಣೆಗೆ ಎರಡು ತಿಂಗಳಷ್ಟೇ ಉಳಿದಿತ್ತು. ಆ ಚುನಾವಣೆಯಲ್ಲಿ ಅವರ ಪುತ್ರ ದರ್ಶನ್ ಧ್ರುವನಾರಾಯಣ ನಂಜನಗೂಡಿನಿಂದ ಶಾಸಕರಾಗಿ ಆಯ್ಕೆಯಾದರು. ಹಿಂದಿನ ಎದುರಾಳಿ ಎ. ಆರ್. ಕೃಷ್ಣಮೂರ್ತಿಯವರು ಕೊಳ್ಳೇಗಾಲದಿಂದ ಗೆದ್ದರು, ಅದೂ ಕಾಂಗ್ರೆಸ್ ಅಭ್ಯರ್ಥಿಯಾಗಿಯೇ.