ಚಿಕ್ಕ ಚಿಪ್ಪು, ದೊಡ್ಡ ಮೋಟಾರು

ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದುದು 1904ರಲ್ಲಿ. ಅಂದಿನಿಂದ ಆ ಊರಿನ ಅನ್ನವೂ ಯಂತ್ರದ ಸದ್ದೂ ಒಂದಾಗಿಬಿಟ್ಟಿವೆ. ಅಲ್ಲಿಯ ಮಗ್ಗಗಳಿಗೂ ಕೊಲ್ಹಾಪುರದ ಎರಕದ ಕಾರ್ಖಾನೆಗಳಿಗೂ ನಮ್ಮ ಕನ್ನಡ ಮನೆಗಳ ಹುಡುಗರು ದುಡಿಯಲು ಹೋಗುತ್ತಾರೆ. ಇಂದು ಅವರ ಮುಂದೆ ಹೊಸದೊಂದು ವಿದ್ಯೆ ಬಂದು ನಿಂತಿದೆ: ಉಗುರಿನಷ್ಟು ಚಿಪ್ಪಿನಿಂದ ಬ್ಯಾಟರಿಯ ದೊಡ್ಡ ಮೋಟಾರನ್ನು ಆಳುವ ವಿದ್ಯೆ. ಮೈಕ್ರೋಕಂಟ್ರೋಲರ್ ಎಂಬ ಈ ಚಿಪ್ಪು ಈಗ ಶಾಲಾಮಕ್ಕಳ ಕೈಗೂ ಎಟಕುವುದರಿಂದ, ಅದರ ಮರ್ಮವನ್ನೂ ಅಪಾಯವನ್ನೂ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಚಿಪ್ಪಿನ ಒಂದು ಕಾಲಿನಿಂದ ನಿರಾತಂಕವಾಗಿ ಪಡೆಯಬಹುದಾದ ಪ್ರವಾಹ ಸುಮಾರು 20 ಮಿಲಿಆಂಪಿಯರ್. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲಿ 48 ವೋಲ್ಟಿನ ಬ್ಯಾಟರಿ, ಡಿ.ಸಿ. ಮೋಟಾರು ಇದ್ದವು, ಅದರ ಗಣಕ ನಿಯಂತ್ರಕವು 400 ಆಂಪಿಯರ್‌ವರೆಗೆ ಪ್ರವಾಹವನ್ನು ನಿಭಾಯಿಸುತ್ತಿತ್ತು. ಎಂದರೆ ಇಪ್ಪತ್ತು ಸಾವಿರ ಪಟ್ಟು! ಇದು ಸಾಧ್ಯವಾದುದು ಹೇಗೆ?

ಕೊಲ್ಹಾಪುರ ಮಾದರಿಯ ಬಂಧಾರವನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಹಲಗೆ ಎತ್ತುವವನು ನದಿಯನ್ನು ಹೊತ್ತೊಯ್ಯುವುದಿಲ್ಲ. ಅವನು ದಾರಿ ಬಿಟ್ಟರೆ ನೀರು ತನ್ನ ಬಲದಿಂದಲೇ ಹರಿಯುತ್ತದೆ. ಹಾಗೆಯೇ ಚಿಪ್ಪು ಅಪ್ಪಣೆ ಕೊಡುತ್ತದೆ. ಮಾಸ್ಫೆಟ್ ಎಂಬ ಬಿಡಿಭಾಗ ಹಲಗೆಯಾಗುತ್ತದೆ. ಪ್ರವಾಹ ಬರುವುದು ಬ್ಯಾಟರಿಯಿಂದ. ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಿದಾಗ, ತೆರೆದಿರುವ ಕಾಲ ಅರ್ಧವಾದರೆ ಮೋಟಾರಿಗೆ ದೊರೆಯುವ ಸರಾಸರಿ ವೋಲ್ಟೇಜೂ ಅರ್ಧ. ವೇಗವನ್ನು ಹಿಡಿತದಲ್ಲಿಡುವ ಉಪಾಯವಿದು.

ಆದರೆ ಹಲಗೆ ಪೂರ್ತಿ ತೆರೆಯಬೇಕು. 5 ಮಿಲಿಓಮ್ ರೋಧವುಳ್ಳ ಮಾಸ್ಫೆಟ್ ಪೂರ್ಣ ತೆರೆದಿದ್ದು 40 ಆಂಪಿಯರ್ ಹರಿದರೆ ಅದರಲ್ಲಿ ಹುಟ್ಟುವ ಶಾಖ 8 ವ್ಯಾಟ್. ಅರೆತೆರೆದು ತನ್ನಲ್ಲಿಯೇ 6 ವೋಲ್ಟ್ ಉಳಿಸಿಕೊಂಡರೆ 240 ವ್ಯಾಟ್! ಕ್ಷಣದಲ್ಲಿ ಹೊಗೆ ಏಳುತ್ತದೆ. ಆದಕಾರಣ ಚಿಪ್ಪಿಗೂ ದೊಡ್ಡ ಮಾಸ್ಫೆಟ್ಟಿಗೂ ನಡುವೆ ಗೇಟ್ ಡ್ರೈವರ್ ಎಂಬ ಮಧ್ಯವರ್ತಿ ಬೇಕು.

ಮೋಟಾರಿನ ಸುರುಳಿಯಲ್ಲಿ ಹರಿಯುವ ಪ್ರವಾಹ ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಅದಕ್ಕೆ ಹಿಂದಿರುಗುವ ದಾರಿಯಾಗಿ ಮೋಟಾರಿಗೆ ಅಡ್ಡಲಾಗಿ, ವಿರುದ್ಧ ದಿಕ್ಕಿನಲ್ಲಿ ಡಯೋಡ್ ಕೂಡಿಸಬೇಕು. ಇಲ್ಲದಿದ್ದರೆ ಏರಿದ ವೋಲ್ಟೇಜು ಮಾಸ್ಫೆಟ್ಟನ್ನೇ ಬಲಿ ತೆಗೆದುಕೊಳ್ಳುತ್ತದೆ. ಆರಂಭದ ಪ್ರವಾಹವನ್ನೂ ಲೆಕ್ಕಿಸಬೇಕು. 12 ವೋಲ್ಟಿನ ಮೋಟಾರಿನ ಸುರುಳಿಯ ರೋಧ 0.2 ಓಮ್ ಇದ್ದರೆ, ಓಡುವಾಗ ಅದು 10 ಆಂಪಿಯರ್ ಮಾತ್ರ ಬಯಸಿದರೂ ನಿಂತಲ್ಲಿಂದ ಹೊರಡುವಾಗ 60 ಆಂಪಿಯರ್ ಎಳೆಯಬಲ್ಲದು. ಬಿಡಿಭಾಗಗಳನ್ನು ಆರಿಸಬೇಕಾದುದು ಈ ದೊಡ್ಡ ಅಂಕಿಯನ್ನು ನೋಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮಾಸ್ಫೆಟ್ ಕೆಟ್ಟಾಗ ಸಾಮಾನ್ಯವಾಗಿ ಮುಚ್ಚಿಕೊಳ್ಳುವುದಿಲ್ಲ, ತೆರೆದೇ ಉಳಿಯುತ್ತದೆ. ಆಗ ಚಿಪ್ಪು "ನಿಲ್ಲು" ಎಂದರೂ ಮೋಟಾರು ಪೂರ್ಣ ವೇಗದಲ್ಲಿ ಓಡುತ್ತದೆ. ಹುಡುಗನ ಬೆರಳು ಸರಪಳಿಯ ಬಳಿ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಆದುದರಿಂದ ಬ್ಯಾಟರಿಯ ಬುಡದಲ್ಲಿಯೇ ಫ್ಯೂಸು, ಕೈಗೆ ಸಿಗುವಂತೆ ಕಡಿತದ ಸ್ವಿಚ್ಚು ಇರತಕ್ಕದ್ದು. ಎರಡೂ ಡಿ.ಸಿ.ಗೆ ತಕ್ಕವಾಗಿರಬೇಕು, ಮನೆಯ ದೀಪದ ಸ್ವಿಚ್ಚು ಇಲ್ಲಿ ಸಲ್ಲದು, ಏಕೆಂದರೆ ಡಿ.ಸಿ. ಕಿಡಿ ಸುಲಭವಾಗಿ ಆರುವುದಿಲ್ಲ. ಚಿಪ್ಪು ಇನ್ನೂ ಎಚ್ಚರಗೊಳ್ಳದಿರುವಾಗ ಮೋಟಾರು ತಾನಾಗಿ ತಿರುಗದಂತೆ, ಗೇಟಿನಿಂದ ಬ್ಯಾಟರಿಯ ಋಣ ತಂತಿಗೆ 10 ಕಿಲೋಓಮ್ ರೋಧಕವನ್ನೂ ಸೇರಿಸಬೇಕು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳು ಇಂಥ ಕೆಲಸಕ್ಕೆ ಕೈಹಾಕಿದರೆ ಗದರಿಸಿ ಬಿಡಿಸಬೇಡಿರಿ. ಮೊದಲು ಫ್ಯೂಸನ್ನು ತೋರಿಸಲು ಹೇಳಿರಿ. ಗಾಲಿ ನೆಲದಿಂದ ಮೇಲಿರಲಿ, ಮೊದಲ ಪರೀಕ್ಷೆ ಸಣ್ಣ ಮೋಟಾರಿನಿಂದಾಗಲಿ. ಇಷ್ಟನ್ನು ಪಾಲಿಸಿದ ಹುಡುಗ ನಾಳೆ ಕಾರ್ಖಾನೆಗೆ ಹೋದಾಗ ಯಂತ್ರಕ್ಕೆ ಹೆದರುವುದೂ ಇಲ್ಲ, ಅದನ್ನು ಹಗುರವಾಗಿ ಕಾಣುವುದೂ ಇಲ್ಲ.