ಮೊದಲ ಭೇಟಿಯಲ್ಲೇ ಒಂದು ಬೀಳ್ಕೊಡುಗೆ

ವಿದೇಶಿ ದಂಪತಿ ಭಾರತದ ಮಗುವೊಂದನ್ನು ದತ್ತು ಪಡೆದ ಸುದ್ದಿಯ ಜೊತೆಗೆ ಸಾಮಾನ್ಯವಾಗಿ ಒಂದು ಛಾಯಾಚಿತ್ರವೂ ಪ್ರಕಟವಾಗುತ್ತದೆ. ಜಿಲ್ಲಾಧಿಕಾರಿಗಳ ಕಚೇರಿ, ಹೂಗುಚ್ಛ, ನಗುತ್ತಿರುವ ತಂದೆ-ತಾಯಿ, ನಡುವೆ ಹೊಸ ಬಟ್ಟೆ ತೊಟ್ಟ ಮಗು. ಎಷ್ಟೋ ಸಲ ಆ ಮಗುವಿನ ಮುಖದಲ್ಲಿ ಮಾತ್ರ ನಗು ಇರುವುದಿಲ್ಲ. ನೋಡಿದವರು ಅದನ್ನು ಸಂಕೋಚವೆಂದುಕೊಂಡು ಮುಂದಿನ ಸುದ್ದಿಗೆ ಹೋಗುತ್ತಾರೆ.

ದಂಪತಿಯ ಪಾಲಿಗೆ ಆ ದಿನ ವರ್ಷಗಳ ನಿರೀಕ್ಷೆಯ ಫಲ. ಮಗುವಿಗೋ, ತಾನು ಬಲ್ಲ ಏಕೈಕ ಮನೆಯನ್ನು, ಉಣ್ಣಿಸಿ ಮಲಗಿಸುತ್ತಿದ್ದ ಆಯಾಗಳನ್ನು, ಒಟ್ಟಿಗೆ ಆಡಿದ ಗೆಳೆಯರನ್ನು, ಕೊನೆಗೆ ಕಿವಿಗೆ ಪರಿಚಿತವಾದ ಭಾಷೆಯನ್ನೂ ಬಿಟ್ಟು ಹೊರಡುವ ದಿನ. ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಎರಡು ಘಟನೆಗಳು ನಡೆಯುತ್ತವೆ. ಇದನ್ನು ಅರಿತುಕೊಳ್ಳಲು ಕಾನೂನಿಗೂ ದತ್ತು ಸಂಸ್ಥೆಗಳಿಗೂ ದಶಕಗಳೇ ಹಿಡಿದವು.

ವಿಮಾನ ನಿಲ್ದಾಣದಿಂದ ಶಿಶುಗೃಹಕ್ಕೆ

ಹಿಂದೆ ವಿದೇಶಿಯರು ಇಲ್ಲಿನ ಮಗುವನ್ನು ನೇರವಾಗಿ ದತ್ತು ಪಡೆಯುವಂತಿರಲಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪಾಲಕತ್ವದ ಆದೇಶ ಪಡೆದು, ತಮ್ಮ ದೇಶದಲ್ಲಿ ದತ್ತು ಪ್ರಕ್ರಿಯೆ ಮುಗಿಸುತ್ತಿದ್ದರು. ಮಗುವನ್ನು ಯಾರೋ ಬೆಂಗಾವಲಿನವರು ವಿಮಾನದಲ್ಲಿ ಕರೆದೊಯ್ಯುವುದೂ ಇತ್ತು. ಆಗ ತಂದೆ-ತಾಯಿ ಮಗುವಿನ ಮುಖ ನೋಡುತ್ತಿದ್ದುದೇ ವಿಮಾನ ನಿಲ್ದಾಣದಲ್ಲಿ.

ಸರೂ ಬ್ರಿಯರ್ಲಿ ಅವರ ಕತೆ ಬಹುಮಂದಿಗೆ ಗೊತ್ತು. 2016ರ ‘ಲಯನ್’ ಚಲನಚಿತ್ರ ಅದನ್ನು ಜಗತ್ತಿಗೇ ತಲುಪಿಸಿತು. ಮಧ್ಯಪ್ರದೇಶದ ಖಂಡ್ವಾದ ಈ ಬಾಲಕ ರೈಲಿನಲ್ಲಿ ದಾರಿತಪ್ಪಿ ಕೋಲ್ಕತ್ತ ಸೇರಿದ. 1987ರಲ್ಲಿ ಆಸ್ಟ್ರೇಲಿಯಾದ ದಂಪತಿ ಅವನನ್ನು ಮೊದಲು ಕಂಡದ್ದು ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ. ಅವನ ಕೈಯಲ್ಲಿದ್ದುದು ತಿಂದುಳಿದ ಚಾಕಲೇಟು. ಅವರಿಗೆ ಹಿಂದಿ ಬಾರದು, ಅವನಿಗೆ ಇಂಗ್ಲಿಷ್ ಬಾರದು. ತನ್ನ ಊರಿನ ‘ಗಣೇಶ ತಲಾಯಿ’ ಬಡಾವಣೆಯ ಹೆಸರನ್ನು ಅವನು ಉಚ್ಚರಿಸುತ್ತಿದ್ದ ರೀತಿ ಯಾರಿಗೂ ಅರ್ಥವಾಗಿರಲಿಲ್ಲ. ‘ಶೇರು’ ಎಂಬ ತನ್ನ ಹೆಸರನ್ನೂ ಅವನು ತಪ್ಪಾಗಿ ಉಚ್ಚರಿಸುತ್ತಿದ್ದುದರಿಂದ ಅದು ‘ಸರೂ’ ಆಗಿಹೋಗಿತ್ತು. ಕಾಲು ಶತಮಾನದ ನಂತರ, 2012ರಲ್ಲಿ ಹೆತ್ತ ತಾಯಿಯ ಎದುರು ನಿಂತಾಗ ಮಾತನಾಡಲು ಅವರಲ್ಲಿ ಹಿಂದಿ ಉಳಿದಿರಲಿಲ್ಲ. ಪ್ರೀತಿಯ ಸಾಕುತಂದೆ-ತಾಯಿ ದೊರೆತದ್ದು ಸರೂ ಅವರ ಭಾಗ್ಯ. ವ್ಯವಸ್ಥೆ ಹಾಗೆ ಭಾಗ್ಯವನ್ನು ನೆಚ್ಚಿಕೊಂಡಿರಬಾರದಷ್ಟೆ.

ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಬರೆದ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್, 1984ರಲ್ಲಿ ಅಂತರದೇಶೀಯ ದತ್ತುವಿಗೆ ಮೊದಲ ಬಾರಿ ವಿವರವಾದ ಕಟ್ಟಳೆ ಹಾಕಿತು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಸಂಸ್ಥೆ, ಅಂದರೆ ‘ಕಾರಾ’ ಅಸ್ತಿತ್ವಕ್ಕೆ ಬಂತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆಯು ಕಾರಾಗೆ ಶಾಸನಬದ್ಧ ಸ್ಥಾನ ನೀಡಿತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳಿಗೆ ಬಂದಿದೆ. ಈಗ ಆದೇಶ ಇಲ್ಲಿಯೇ ಆಗಬೇಕು. ಮಗುವನ್ನು ಕರೆದೊಯ್ಯಲು ತಂದೆ-ತಾಯಿ ತಾವೇ ಭಾರತಕ್ಕೆ ಬರಬೇಕು.

ದೇಶದೊಳಗೆ ಕುಟುಂಬ ಸಿಗದ ಮಕ್ಕಳೇ ಹೀಗೆ ವಿದೇಶಕ್ಕೆ ಹೋಗುವವರು. ಇವರಲ್ಲಿ ಆರೋಗ್ಯದ ವಿಶೇಷ ಅಗತ್ಯವಿರುವವರು, ತುಸು ದೊಡ್ಡವರು, ಒಡಹುಟ್ಟಿದವರ ಜೊತೆಗಿರುವವರು ಹೆಚ್ಚು. ಆದ್ದರಿಂದ ಮೊದಲ ಭೇಟಿಯ ಹೊತ್ತಿಗೆ ಮಗುವಿಗೆ ಐದಾರು ವರ್ಷದ ನೆನಪುಗಳಿದ್ದರೆ ಆಶ್ಚರ್ಯವಿಲ್ಲ.

ಕೋಣೆಯೊಳಗೆ

ತಂದೆ-ತಾಯಿ ಬರುವ ಮೊದಲೇ ಕೆಲಸ ಆರಂಭವಾಗಿರಬೇಕು. ಮಗುವನ್ನು ಹೊಸ ಕುಟುಂಬಕ್ಕೆ ಸಿದ್ಧಗೊಳಿಸುವುದು ವಿಶೇಷ ದತ್ತು ಸಂಸ್ಥೆಯ ಹೊಣೆಯೆಂದು ನಿಯಮವೇ ಹೇಳುತ್ತದೆ. ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ದಂಪತಿಯ ಮನೆ, ನಾಯಿ, ಅಜ್ಜ-ಅಜ್ಜಿಯರ ಚಿತ್ರಗಳಿರುವ ಪುಸ್ತಕವನ್ನು ಮುಂಚಿತವಾಗಿ ತರಿಸಿ ದಿನವೂ ತೋರಿಸುವುದು, ವಿಡಿಯೊ ಕರೆ ಮಾಡಿಸುವುದು ಉತ್ತಮ ಕ್ರಮ. ಆದರೆ ಚಿತ್ರದಲ್ಲಿ ವಾಸನೆಯಿರುವುದಿಲ್ಲ, ಎತ್ತರವೂ ತಿಳಿಯುವುದಿಲ್ಲ. ಹೆಂಗಸರೇ ನೋಡಿಕೊಳ್ಳುವ ಶಿಶುಗೃಹದಲ್ಲಿ ಬೆಳೆದ ಮಗು, ಆರಡಿ ಎತ್ತರದ ಗಡ್ಡಧಾರಿಯೊಬ್ಬ ಕೈ ಚಾಚಿದರೆ ಬೆಚ್ಚುವುದು ಸಹಜವೇ.

‘ಅಮ್ಮ’ ಎಂಬ ಪದವೂ ಇಲ್ಲಿ ಅಂದುಕೊಂಡಷ್ಟು ಸರಳವಲ್ಲ. ಆರೈಕೆ ಮಾಡುವವರನ್ನೆಲ್ಲ ಅಮ್ಮ ಎಂದೋ ಅಕ್ಕ ಎಂದೋ ಕರೆದು ರೂಢಿಯಾದ ಮಗುವಿಗೆ, ಪಾಳಿ ಮುಗಿದೊಡನೆ ಮನೆಗೆ ಹೋಗುವವಳೇ ಅಮ್ಮ. ರಾತ್ರಿಯೂ ಇದ್ದು ಬೆಳಗ್ಗೆಯೂ ಅವಳೇ ಇರುವ ಅಮ್ಮನ ಕಲ್ಪನೆ ಅದಕ್ಕೆ ಹೊಸತು. “ಇವರೇ ನಿನ್ನ ಅಮ್ಮ” ಎಂದೊಡನೆ ಓಡಿಹೋಗಿ ಅಪ್ಪಿಕೊಳ್ಳುವುದು ಸಿನಿಮಾದಲ್ಲಿ ಮಾತ್ರ.

ಮಕ್ಕಳು ಬಗೆಬಗೆಯಾಗಿ ಪ್ರತಿಕ್ರಿಯಿಸುತ್ತಾರೆ. ಕೆಲವರು ಜೋರಾಗಿ ಅಳುತ್ತಾರೆ, ಕೆಲವರು ಆಯಾಳ ಸೆರಗಿನ ಹಿಂದೆ ಅಡಗುತ್ತಾರೆ. ಇನ್ನು ಕೆಲವರು ಮೊದಲ ನಿಮಿಷದಲ್ಲೇ ಅಪರಿಚಿತರ ತೊಡೆಯೇರಿ ಕುಳಿತುಬಿಡುತ್ತಾರೆ. ನೋಡುವವರಿಗೆ ಕೊನೆಯದೇ ಶುಭಸೂಚನೆಯಾಗಿ ಕಾಣುತ್ತದೆ. ಆದರೆ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳು ಯಾರೊಡನೆ ಬೇಕಾದರೂ ಸಲೀಸಾಗಿ ಹೋಗುವುದನ್ನು ತಜ್ಞರು ಬಹುಕಾಲದಿಂದ ಗುರುತಿಸಿದ್ದಾರೆ. ಒಬ್ಬರಿಗೇ ಅಂಟಿಕೊಳ್ಳುವ ಅವಕಾಶ ಸಿಗದಿದ್ದುದರ ಗುರುತು ಅದಾಗಿರಬಹುದು. ಆಯಾಳನ್ನು ಬಿಡಲೊಲ್ಲದೆ ಅಳುವ ಮಗು, ಒಬ್ಬರನ್ನು ನೆಚ್ಚುವುದನ್ನು ಆಗಲೇ ಕಲಿತಿದೆ. ಆ ಕಲಿಕೆ ಹೊಸ ಮನೆಯಲ್ಲಿ ನೆರವಿಗೆ ಬರುತ್ತದೆ.

ಮೌನವನ್ನಂತೂ ಎಚ್ಚರದಿಂದ ಓದಬೇಕು. 1950ರ ದಶಕದ ಆಸುಪಾಸಿನಲ್ಲಿ ಲಂಡನ್ನಿನ ಆಸ್ಪತ್ರೆಗಳಲ್ಲಿ ತಾಯಿಯಿಂದ ದೂರವಿದ್ದ ಮಕ್ಕಳನ್ನು ಜೇಮ್ಸ್ ರಾಬರ್ಟ್‌ಸನ್ ಗಮನಿಸಿದರು. ಅವರೂ ಜಾನ್ ಬೌಲ್ಬಿ ಅವರೂ ಮೂರು ಹಂತಗಳನ್ನು ವಿವರಿಸಿದರು: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ನಿರ್ಲಿಪ್ತತೆ. ಮಗು ಅಳು ನಿಲ್ಲಿಸಿದರೆ ‘ಹೊಂದಿಕೊಂಡಿತು’ ಎಂದು ದಾದಿಯರು ಸಮಾಧಾನಪಡುತ್ತಿದ್ದರು. ಮಗು ಆಸೆ ಬಿಟ್ಟಿತ್ತು, ಅಷ್ಟೆ. ಹೋಟೆಲಿನ ಕೋಣೆಯಲ್ಲಿ ಮೊದಲ ರಾತ್ರಿ ಸದ್ದಿಲ್ಲದೆ ಗೋಡೆಗೆ ಮುಖಮಾಡಿ ಮಲಗಿದ ಮಗುವನ್ನು ‘ಬಹಳ ಒಳ್ಳೆಯ ಮಗು’ ಎಂದು ಹೊಗಳುವ ಮುನ್ನ ಇದನ್ನು ನೆನೆಯುವುದು ಲೇಸು.

ಹಾಗಾಗಿ ಭೇಟಿಗಿಂತ ಬೀಳ್ಕೊಡುಗೆಗೇ ಹೆಚ್ಚು ಸಮಯ ಮೀಸಲಿಡಬೇಕು. ಅಳು-ರಂಪ ಬೇಡವೆಂದು ಮಗುವಿಗೆ ಹತ್ತಿರವಾದ ಆಯಾಳನ್ನು ಆ ದಿನ ದೂರವಿಡುವುದು ದೊಡ್ಡವರ ಅನುಕೂಲಕ್ಕೆ ಮಾಡುವ ಏರ್ಪಾಡು. ಆಕೆಯೇ ಮಗುವಿನ ಕೈಯನ್ನು ಹೊಸ ತಾಯಿಯ ಕೈಯಲ್ಲಿಟ್ಟು, “ಹೋಗಿ ಬಾ ಕಂದಾ, ಇವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ” ಎಂದು ಹೇಳಿದರೆ, ಹೋಗಲು ಅಪ್ಪಣೆ ಸಿಕ್ಕಿತೆಂದು ಮಗುವಿಗೆ ಅನಿಸುತ್ತದೆ. ಸಾಧ್ಯವಾದರೆ ಒಂದೇ ದಿನಕ್ಕೆ ಮುಗಿಸದೆ, ಮೂರು-ನಾಲ್ಕು ದಿನ ಶಿಶುಗೃಹದಲ್ಲಿಯೇ ಜೊತೆಗೆ ಉಂಡು, ಆಡಿ, ಬಳಿಕ ಕರೆದೊಯ್ಯುವುದು ಒಳ್ಳೆಯದು. ರಜೆಯ ಅವಧಿ, ವಿಮಾನ ಟಿಕೆಟ್ಟುಗಳ ಲೆಕ್ಕಾಚಾರದ ನಡುವೆ ಇದಕ್ಕೆ ದಿನ ಹೊಂದಿಸುವುದು ಕಷ್ಟ, ನಿಜ. ಹೊದ್ದು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಜೊತೆಗೆ ಕೊಡುವುದು, ಮೊದಲ ವಾರಗಳಲ್ಲಿ ಅನ್ನ-ಸಾರು, ಮೊಸರನ್ನವನ್ನೇ ಮುಂದುವರಿಸುವುದು ಸಣ್ಣ ಸಂಗತಿಗಳಾದರೂ ಮಗುವಿಗೆ ಆಸರೆ.

ಭಾಷೆಯೂ ಅಂಥದೇ ಆಸರೆ. ಕರ್ನಾಟಕದಿಂದ ಮಗುವನ್ನು ಕರೆದೊಯ್ಯುವ ಇಟಲಿಯ ದಂಪತಿ ಕನ್ನಡ ವ್ಯಾಕರಣ ಕಲಿಯಬೇಕಿಲ್ಲ. ಬಾ, ನೀರು, ಊಟ, ನೋವಾ, ಸುಸ್ಸು, ಭಯ ಬೇಡ, ಇಲ್ಲೇ ಇದ್ದೇನೆ - ಇಷ್ಟು ಬಂದರೆ ಮೊದಲ ತಿಂಗಳು ಸಾಗುತ್ತದೆ. ಸುಸ್ಸು ಬಂದರೆ ಹೇಳಲು ಮಾತಿಲ್ಲದ ಐದು ವರ್ಷದ ಮಗುವಿನ ಅವಮಾನ ಎಂಥದೆಂಬುದನ್ನು ಊಹಿಸಿಕೊಳ್ಳಬಹುದು. ಹೊಸ ಭಾಷೆ ಬೇಗನೆ ಬರುತ್ತದೆ. ಹಳೆಯದು ಅಷ್ಟೇ ಬೇಗ ಮರೆಯಾಗುತ್ತದೆ. ಆದರೂ ಪೂರ್ತಿ ಅಳಿಸಿಹೋಗುವುದಿಲ್ಲ. ಎಳವೆಯಲ್ಲೇ ಚೀನಾದಿಂದ ದತ್ತು ಬಂದು ಫ್ರೆಂಚ್ ಮಾತ್ರ ಆಡುತ್ತಾ ಬೆಳೆದ ಹುಡುಗಿಯರ ಮಿದುಳು ಚೀನೀ ಭಾಷೆಯ ಸ್ವರಗಳಿಗೆ ಆ ಭಾಷೆ ಬಲ್ಲವರ ಮಿದುಳಿನಂತೆಯೇ ಸ್ಪಂದಿಸಿದ್ದನ್ನು ಮಾಂಟ್ರಿಯಲ್‌ನ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಆ ಹುಡುಗಿಯರಿಗೆ ಚೀನೀ ಭಾಷೆಯ ಒಂದು ಪದವೂ ಅರ್ಥವಾಗುತ್ತಿರಲಿಲ್ಲ.

ಮಗುವನ್ನು ಒಪ್ಪಿಸುವಾಗ ಸಂಸ್ಥೆಯು ನೆನಪಿನ ಸಂಪುಟವೊಂದನ್ನೂ ಕೊಡಬೇಕೆಂಬ ನಿಯಮವಿದೆ. ಮಗುವಿನ ಚಿತ್ರಗಳು, ಬೆಳೆದ ಬಗೆ, ಇಷ್ಟಾನಿಷ್ಟಗಳು ಅದರಲ್ಲಿರಬೇಕು. ಹೆತ್ತವರ ವಿವರ ಮಾತ್ರ ಇರಕೂಡದು. ಕಾಟಾಚಾರಕ್ಕೆ ನಾಲ್ಕು ಚಿತ್ರ ಅಂಟಿಸಿದರೂ ನಿಯಮ ಪಾಲಿಸಿದಂತಾಗುತ್ತದೆ. ಆಯಾಗಳ ಹೆಸರು, ಮಲಗುತ್ತಿದ್ದ ಮಂಚ, ಅಂಗಳದ ಮರ, ಮೊದಲ ಹಲ್ಲು ಬಿದ್ದ ದಿನ ಇವನ್ನೆಲ್ಲ ಬರೆದಿಟ್ಟರೆ ಮಾತು ಬೇರೆ. ಮಗು ವಿದೇಶ ತಲುಪಿದ ಬಳಿಕ ಎರಡು ವರ್ಷ ಅಲ್ಲಿನ ಸಂಸ್ಥೆ ಪ್ರಗತಿಯ ವರದಿ ಕಳುಹಿಸುತ್ತದೆ, ಆಮೇಲೆ ಕಡತ ಮುಚ್ಚುತ್ತದೆ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ಅರಸಲು ಆ ಮಗು ತಾನೇ ಅರ್ಜಿ ಸಲ್ಲಿಸಬಹುದು. ಅಲ್ಲಿಯವರೆಗೆ ಅದರ ಕೈಯಲ್ಲಿರುವುದು ಆ ಸಂಪುಟ.