ರೈತನ ಮನೆಗೆ ತಕ್ಕ ಕಬ್ಬಿಣದ ಗರಗಸ

ಮರದ ನೇಗಿಲಿನ ಕಾಲದಲ್ಲಿ ಮುರಿದುದನ್ನು ಊರಿನ ಬಡಿಗನೂ ಕಮ್ಮಾರನೂ ಸರಿಪಡಿಸುತ್ತಿದ್ದರು. ಈಗ ನಮ್ಮ ನೇಮಕಲ್ಲಿನ ಸುತ್ತ ಕೊಳವೆಬಾವಿಯ ಪೈಪು, ಟ್ರ್ಯಾಕ್ಟರಿನ ಸಲಕರಣೆ, ಕೊಟ್ಟಿಗೆಯ ಆಂಗಲ್, ತಗಡು ಎಲ್ಲವೂ ಲೋಹವೇ. ಆದುದರಿಂದ ಕಬ್ಬಿಣ ಕೊಯ್ಯುವ ಗರಗಸವೊಂದು ಪ್ರತಿ ರೈತನ ಮನೆಯಲ್ಲಿಯೂ ಇರತಕ್ಕದ್ದು. ಆದರೆ ಎಂಥದನ್ನು ಕೊಳ್ಳಬೇಕು?

ನನ್ನ ಅನುಭವವನ್ನೇ ಹೇಳುತ್ತೇನೆ. ಶೇಂಗಾ ಹೂವಾಗಿ ಸೂಜಿ ಭೂಮಿಗೆ ಇಳಿಯುವ ಕಾಲ. ಆಗ ನೀರು ತಪ್ಪಿದರೆ ಕಾಯಿ ಕಟ್ಟುವುದು ಕುಗ್ಗುತ್ತದೆ. ಅಂಥ ಒಂದು ಸಂಜೆ ಬಾವಿಯಿಂದ ಹೊಲಕ್ಕೆ ಹೋಗುವ ಜಿ.ಐ. ಪೈಪು ತುಕ್ಕು ಹಿಡಿದು ಸೀಳಿತು. ಕೆಟ್ಟ ತುಂಡನ್ನು ಕೊಯ್ದು ಬೇರೆ ತುಂಡು ಜೋಡಿಸಿದ್ದರೆ ಸಾಕಿತ್ತು. ಮನೆಯಲ್ಲಿದ್ದ ಒರಟು ಹಲ್ಲಿನ ಅಲಗನ್ನೇ ಹಾಕಿ ಉಜ್ಜಿದೆ. ಹಲ್ಲುಗಳು ಪೈಪಿನ ಅಂಚಿಗೆ ಸಿಕ್ಕಿ ಉದುರಿದವು. ಎರಡು ಅಲಗು ಹಾಳಾದವು. ಮಾರನೆಯ ದಿನ ರಾಯದುರ್ಗದಿಂದ 24 ಹಲ್ಲಿನ ಅಲಗು ತಂದ ಮೇಲೆ ಕೆಲಸ ಬೇಗನೆ ಮುಗಿಯಿತು. ಅಲಗಿನ ಬೆಲೆ ಅಲ್ಪ. ಕಳೆದುಹೋದ ಒಂದು ದಿನದ ನೀರು ಅಲ್ಪವಲ್ಲ.

ಇದರ ಲೆಕ್ಕ ಸುಲಭ. ಕೊಯ್ಯುವಾಗ ಲೋಹದ ದಪ್ಪದ ಮೇಲೆ ಕಡಮೆಯೆಂದರೆ ಮೂರು ಹಲ್ಲುಗಳು ಕುಳಿತಿರಬೇಕು. ಅಂಗುಲಕ್ಕೆ 18 ಹಲ್ಲಿನ ಅಲಗು ದಪ್ಪ ಸರಳಿಗೂ ದಪ್ಪ ಆಂಗಲ್‌ಗೂ ತಕ್ಕದ್ದು. 24 ಹಲ್ಲಿನದು ನೀರಿನ ಪೈಪಿಗೆ. ಅದರ ಮೂರು ಹಲ್ಲು ಸುಮಾರು 3 ಮಿಲಿಮೀಟರ್ ಅಗಲವಾಗುತ್ತದೆ. 32 ಹಲ್ಲಿನದು ತೆಳುವಾದ ಕೊಳವೆಗೆ, ತಗಡಿಗೆ. ತಗಡನ್ನು ಎರಡು ಹಲಗೆಗಳ ನಡುವೆ ಬಿಗಿದು ಕೊಯ್ಯಿರಿ. ಹಲ್ಲಿನ ಸಂಖ್ಯೆ ಅಲಗಿನ ಮೇಲೆ ಅಚ್ಚಾಗಿರುತ್ತದೆ. ಅಳಿಸಿದ್ದರೆ ಮಕ್ಕಳ ಅಳತೆಪಟ್ಟಿ ಇಟ್ಟು ಎಣಿಸಿರಿ.

ಅಲಗಿನ ಜಾತಿಯನ್ನೂ ನೋಡಬೇಕು. ಪೂರ್ತಿ ಗಟ್ಟಿ ಉಕ್ಕಿನದು ಬಹುಕಾಲ ಹರಿತವಾಗಿದ್ದರೂ ಕೈ ಓರೆಯಾದರೆ ಮುರಿಯುತ್ತದೆ. ಹಲ್ಲು ಗಟ್ಟಿಯಾಗಿ ಬೆನ್ನು ಬಳುಕುವ ಬೈಮೆಟಲ್ ಅಲಗು ನಮ್ಮಂಥವರಿಗೆ ಮೇಲು. ಬಾಗದಂಥ 12 ಅಂಗುಲದ ಚೌಕಟ್ಟನ್ನು ಆರಿಸಿರಿ. ಹಲ್ಲು ಹಿಡಿಯಿಂದ ಮುಂದಕ್ಕೆ ಮುಖಮಾಡಿರಲಿ. ಮುಂದಕ್ಕೆ ನೂಕುವಾಗ ಮಾತ್ರ ಒತ್ತಿರಿ. ನಿಮಿಷಕ್ಕೆ 40-50 ಸಲ ಸಾಕು. ನಡುವೆ ಅಲಗು ಮುರಿದರೆ ಹೊಸದನ್ನು ಹಳೆಯ ಸೀಳಿಗೆ ತುರುಕದೆ ಎದುರು ಬದಿಯಿಂದ ಆರಂಭಿಸಿರಿ.

ಕರೆಂಟಿನ ಕಟಿಂಗ್ ಮಿಷನ್ ಬೇಡವೇ ಎಂದು ಕೇಳಬಹುದು. ದಿನವೂ ಹತ್ತಾರು ತುಂಡು ಕೊಯ್ಯುವವರಿಗೆ ಅದು ಬೇಕು. ಆದರೆ ಅದರ ಕಾಪು ತಗಡನ್ನು ಬಿಚ್ಚಬಾರದು, ಕಣ್ಣಿಗೆ ಕನ್ನಡಕವಿರಲಿ. ಚಕ್ರದ ಮೇಲೆ ಬರೆದ ವೇಗ ಮಿಷನ್ನಿನ ವೇಗಕ್ಕಿಂತ ಕಡಮೆಯಿರಕೂಡದು. ವಾಯಿದೆ ಮೀರಿದ ಚಕ್ರ ಒಡೆದು ಹಾರಬಹುದು. ಮರ ಕೊಯ್ಯುವ ಹಲ್ಲಿನ ಚಕ್ರವನ್ನು ಅದಕ್ಕೆ ಎಂದಿಗೂ ಹಾಕಬೇಡಿರಿ. ಜಿ.ಐ. ಪೈಪನ್ನು ಬಯಲಿನಲ್ಲೇ ಕೊಯ್ಯಿರಿ. ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಶೇಂಗಾ ಹೊಟ್ಟಿನ ಬಣವೆಯ ಹತ್ತಿರ ಆ ಮಿಷನ್ ಹಚ್ಚಬೇಡಿರಿ. ಒಂದು ಕಿಡಿ ದನಗಳ ವರ್ಷದ ಮೇವನ್ನೇ ಸುಟ್ಟೀತು.

ವರ್ಷಕ್ಕೆ ನಾಲ್ಕಾರು ಸಲ ಕೊಯ್ಯುವ ಮನೆಗೆ ಒಂದು ಚೌಕಟ್ಟು, ಒಂದು ವೈಸ್, ಮೂರು ಬಗೆಯಲ್ಲಿ ಎರಡೆರಡು ಅಲಗು ಸಾಕು. ಅಲಗಿಗೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಮೇಲೆ ಹಲ್ಲಿನ ಸಂಖ್ಯೆ ಬರೆದಿಡಿರಿ. ಪೈಪು ಒಡೆಯುವುದು ಕರೆಂಟು ನೋಡಿಯಲ್ಲ, ಅಂಗಡಿ ತೆರೆದಿರುವ ಹೊತ್ತು ನೋಡಿಯೂ ಅಲ್ಲ.